ಹೂಳಿನ ಸದ್ದು ಕಳೆದು ಮೋಹೊ ಹಿಡಿದದ್ದು

ಬೋಟ್ಸ್ವಾನಾದ ಒಕವಾಂಗೊ ಬಿರುಕು ವಲಯದ ಕೆಳಗೆ ಮೋಹೊ, ಅಂದರೆ ಹೊರಪದರ ಮತ್ತು ಮ್ಯಾಂಟಲ್ ನಡುವಿನ ಗಡಿ, ಎಷ್ಟು ಆಳದಲ್ಲಿದೆ ಅಂತ ನೋಡುತ್ತಿದ್ದೆ. ವಿಧಾನ ಹಳೆಯದೇ. 30ರಿಂದ 90 ಡಿಗ್ರಿ (ಭೂಮಿಯ ಕೇಂದ್ರದಲ್ಲಿ ಅಳೆದ ಕೋನ) ದೂರದ ಭೂಕಂಪಗಳ ವೇಗದ ಪಿ ಅಲೆ ಮೋಹೊ ದಾಟುವಾಗ ಒಂದಿಷ್ಟು ಪಾಲು ನಿಧಾನದ ಎಸ್ ಅಲೆಯಾಗಿ ಹಿಂದೆ ಬೀಳುತ್ತದೆ, 40 ಕಿ.ಮೀ. ದಪ್ಪದ ಹೊರಪದರಕ್ಕೆ ಸುಮಾರು 5 ಸೆಕೆಂಡು.

ಬಿರುಕಿನ ಹೊರಗಿನ ಭೂಕಂಪಮಾಪನ ಕೇಂದ್ರಗಳಲ್ಲಿ ಈ ಎಸ್ ಅಲೆಯ ಶಿಖರ ಸ್ಪಷ್ಟ. ಒಳಗಡೆ ಬರೀ ಏರಿಳಿತ. ಸಡಿಲ ಹೂಳಿನಲ್ಲಿ ಅಲೆ ಮೇಲೆ ಕೆಳಗೆ ಪುಟಿಯುತ್ತಾ ಮೋಹೊ ಸಂಕೇತವನ್ನೇ ನುಂಗಿಹಾಕಿತ್ತು. ಆಯ್ದ ಆವರ್ತನಗಳನ್ನಷ್ಟೇ ಬಿಡುವ ಬ್ಯಾಂಡ್‌ಪಾಸ್ ಸೋಸುಕ ಎಷ್ಟು ತಿರುವಿದರೂ ಜಗ್ಗಲಿಲ್ಲ.

ದಾರಿ ಸಿಕ್ಕಿದ್ದು ರಿಸೀವರ್ ಫಂಕ್ಷನ್‌ನ (ಕೇಂದ್ರದ ದಾಖಲೆಯಿಂದ ಹೀಗೆ ಬದಲಾದ ಎಸ್ ಅಲೆಗಳನ್ನು ಬೇರ್ಪಡಿಸಿ ತೋರಿಸುವ ಸಂಕೇತ) ಆಟೋಕೋರಿಲೇಶನ್‌ನಲ್ಲಿ, ಅಂದರೆ ಸಂಕೇತವನ್ನು ತಡಮಾಡಿದ ಅದರದೇ ಪ್ರತಿಯೊಂದಿಗೆ ಹೋಲಿಸುವುದರಲ್ಲಿ. ಸೊನ್ನೆ ತಡದ ನಂತರದ ಮೊದಲ ತಗ್ಗು ಎಷ್ಟನೇ ಸೆಕೆಂಡಿಗೆ ಬಿದ್ದಿದೆಯೋ ಅದೇ ಅಲೆ ಹೂಳಿನಲ್ಲಿ ಹೋಗಿಬರುವ ಸಮಯ. ತಗ್ಗು ಎಷ್ಟು ಆಳವೋ ಪ್ರತಿಧ್ವನಿಯ ಬಲ ಅಷ್ಟು. ಮೂಲ ರಿಸೀವರ್ ಫಂಕ್ಷನ್‌ಗೆ ಅದರದೇ ಪ್ರತಿಯನ್ನು ಅಷ್ಟು ತಡಮಾಡಿ, ಅದೇ ಪ್ರಮಾಣಕ್ಕೆ ಕುಗ್ಗಿಸಿ ಕೂಡಿಸಿದೆ. ಪ್ರತಿಧ್ವನಿಯ ಚಿಹ್ನೆ ಉಲ್ಟಾ ಇರುವುದರಿಂದ ಕೂಡಿದರೇ ಅಳಿಯುತ್ತದೆ, ಕಳೆದರಲ್ಲ. ಪೈಥಾನ್‌ನಲ್ಲಿ ನಾಲ್ಕೈದು ಸಾಲು, ಅಷ್ಟೇ. ಮೋಹೊ ತಾನಾಗಿ ಎದ್ದು ಬಂತು.

ಆದರೆ ಹೂಳಿನಿಂದಾಗಿ ಮೋಹೊ ಅಲೆಯೂ ತಡವಾಗಿಯೇ ಬಂದಿರುತ್ತದೆ. ಆ ತಡದ ಸಮಯ ಕಳೆಯದೆ ಎಚ್-ಕಪ್ಪಾ ಸ್ಟ್ಯಾಕಿಂಗ್‌ಗೆ (ಹೊರಪದರದ ದಪ್ಪ ಮತ್ತು ಪಿ-ಎಸ್ ವೇಗಗಳ ಅನುಪಾತವನ್ನು ಒಟ್ಟಿಗೆ ಅಂದಾಜಿಸುವ ವಿಧಾನ) ಕೈಹಾಕಿದರೆ ಹೊರಪದರ ನಿಜಕ್ಕಿಂತ ದಪ್ಪ ಕಾಣುತ್ತದೆ.