ಹೊಸ ಹಸು ತಂದಿರಾ? ಮೊದಲು ಉಣ್ಣೆ ನೋಡಿ

ಶಿವರಾತ್ರಿ ಹೊತ್ತಿಗೆ ಆವಣಿ, ನಂದಿ, ಸಿದ್ಧಗಂಗೆಯಲ್ಲಿ ದನದ ಜಾತ್ರೆ ಸೇರುತ್ತದೆ. ಹಲ್ಲು, ಸುಳಿ, ಕೆಚ್ಚಲು ಎಲ್ಲ ನೋಡಿ ವ್ಯಾಪಾರ ಕುದುರಿಸುತ್ತೇವೆ. ಕಿವಿಯೊಳಗೆ, ಬಾಲದ ಬುಡದಲ್ಲಿ ಏನಿದೆ ಅಂತ ನೋಡುವವರು ಕಡಿಮೆ. ಉಣ್ಣೆಗೆ ರೆಕ್ಕೆ ಇಲ್ಲ, ಹಾರಲೂ ಜಿಗಿಯಲೂ ಬರಲ್ಲ. ಊರಿಂದೂರಿಗೆ ಅದನ್ನು ಟೆಂಪೊ ಹತ್ತಿಸಿ ತರುವವರು ನಾವೇ.

ಉಣ್ಣೆ ಅಂದ ಕೂಡಲೇ ಮಂಗನ ಕಾಯಿಲೆ ನೆನಪಾಗುತ್ತದೆ ಅಲ್ವಾ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಆ ಕಾಯಿಲೆ ಈಗ ಕೇರಳ, ಗೋವಾ, ಮಹಾರಾಷ್ಟ್ರವನ್ನೂ ಮುಟ್ಟಿದೆ. ಆದರೆ ಅದು ಮಲೆನಾಡಿನ ಕಾಡು ಉಣ್ಣೆಯ ಕಥೆ. ನಮ್ಮ ಬಯಲುಸೀಮೆಯ ಕೊಟ್ಟಿಗೆಗೆ ಕಾಟ ಕೊಡುವುದು ಉಣ್ಣೆಯಿಂದ ದನದ ರಕ್ತಕ್ಕೆ ಸೇರುವ ರೋಗಗಳು: ಥೈಲೇರಿಯಾ, ಬೆಬೇಸಿಯಾ, ಅನಾಪ್ಲಾಸ್ಮಾ. ನಾಟಿ ಹಸು ಒಂದಿಷ್ಟು ತಡೆದುಕೊಳ್ಳುತ್ತದೆ. ಸೀಮೆ ಹಸುವಿಗೆ ಆ ತಾಕತ್ತು ಕಡಿಮೆ.

1. ಬೇರೆ ಕಟ್ಟಿ. ಸಾಮಾನ್ಯ ದನದ ಉಣ್ಣೆ ಮರಿಯಾಗಿ ಮೈ ಹತ್ತಿ, ರಕ್ತ ಕುಡಿದು ಉದುರುವುದಕ್ಕೆ ಸುಮಾರು 3 ವಾರ ಬೇಕು. ಅಲ್ಲಿಯವರೆಗೆ ಹೊಸ ಹಸು ದೂರವೇ ಇರಲಿ. ಮೊದಲ ದಿನ ಏನೂ ಕಾಣಲಿಲ್ಲ ಅಂತ ನಂಬಬೇಡಿ. ಮರಿ ಉಣ್ಣೆ ಕಣ್ಣಿಗೆ ಬೀಳುವುದೇ ಕಷ್ಟ.

2. ದಿನಾ ಕೈಯಾಡಿಸಿ. ಕಿವಿ, ಗಂಗೆದೊಗಲು, ಕೆಚ್ಚಲ ಸಂದಿ, ತೊಡೆಯ ಒಳಭಾಗ, ಬಾಲದ ಕೆಳಗೆ.

3. ಕಿತ್ತು ನೆಲಕ್ಕೆ ಎಸೆಯಬೇಡಿ. ಜಾಸ್ತಿ ಜನ ಮಾಡುವುದೇ ಇದು. ಅವರೆಕಾಳಿನಂತೆ ಊದಿದ, ಬೂದು ಬಣ್ಣದ ಹೆಣ್ಣು ಉಣ್ಣೆ ನೆಲಕ್ಕೆ ಬೀಳಲೆಂದೇ ಕಾಯುತ್ತಿರುತ್ತದೆ. ತೆವಳಿ ಗೋಡೆ ಬಿರುಕು ಸೇರಿ, ಸಾವಿರಗಟ್ಟಲೆ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಎಸೆದವರು ಅದರ ಕೆಲಸ ಹಗುರ ಮಾಡಿಕೊಟ್ಟಂತೆ! ಕೈಗೆ ಗ್ಲೌಸ್ ಹಾಕಿ, ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ನೇರ ಎಳೆದು ಸೀಮೆಎಣ್ಣೆ ಡಬ್ಬಿಗೆ ಹಾಕಿ. ಉಗುರಲ್ಲಿ ಹಿಸುಕಲೇಬೇಡಿ. 2011ರಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡ ಕಾಂಗೋ ಜ್ವರ ಮನುಷ್ಯರಿಗೆ ಹತ್ತುವ ದಾರಿಗಳಲ್ಲಿ ಅದೂ ಒಂದು.

4. ಔಷಧಿ ಹಸುವಿಗೂ, ಕೊಟ್ಟಿಗೆಗೂ. ಮೈಗೆ ಮಾತ್ರ ಹೊಡೆದರೆ ಬಿರುಕಿನ ಮೊಟ್ಟೆ ಮರಿಯಾಗಿ ಮತ್ತೆ ಹತ್ತುತ್ತದೆ. ಯಾವ ಔಷಧಿ, ಎಷ್ಟು ನೀರು, ಮತ್ತೆ ಯಾವಾಗ ಅಂತ ಪಶುವೈದ್ಯರನ್ನೇ ಕೇಳಿ. ಅಂದಾಜಿನಲ್ಲಿ ತೆಳ್ಳಗೆ ಕಲಸಿದರೆ ಉಣ್ಣೆ ಆ ಔಷಧಿಗೆ ಒಗ್ಗಿಕೊಳ್ಳುತ್ತದೆ. ಐವರ್‌ಮೆಕ್ಟಿನ್ ಚುಚ್ಚಿಸಿದರೆ ಎಷ್ಟು ದಿನ ಡೇರಿಗೆ ಹಾಲು ಹಾಕಬಾರದು ಅಂತಲೂ ಕೇಳಿಕೊಳ್ಳಿ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಇನ್ನೊಂದು ಮಾತು. ಉಣ್ಣೆಗೆ ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ರೇಷ್ಮೆ ಹುಳಕ್ಕೆ ವಿಷ. ಹುಳು ಮನೆ ಪಕ್ಕದಲ್ಲೇ ಕೊಟ್ಟಿಗೆ ಇದ್ದರೆ ಗಾಳಿ ನೋಡಿ. ಹೊಡೆದ ಕೈಯಲ್ಲೇ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಡಿ.

5. ಜ್ವರ ಬಂತಾ? ಹೆಗಲ ಮುಂದೆ ಗಂಟು ಊದಿದರೆ ಥೈಲೇರಿಯಾ ಇರಬಹುದು. ಗಂಜಲ ಕಾಫಿ ಬಣ್ಣಕ್ಕೆ ತಿರುಗಿದರೆ ಬೆಬೇಸಿಯಾ ಅನುಮಾನ. ಸುಮ್ನೆ ಗ್ಲೂಕೋಸ್ ಹಾಕಿಸಿ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಎರಡಕ್ಕೂ ಔಷಧಿ ಇದೆ. ಥೈಲೇರಿಯಾಕ್ಕೆ ಲಸಿಕೆಯೂ ಇದೆ. ಸೀಮೆ ಕರು ಇದ್ದವರು ಆಸ್ಪತ್ರೆಗೆ ಹೋದಾಗ ವಿಚಾರಿಸಿ.