ಹತ್ತು ಕಾಳು ಗೋಧಿ ಮತ್ತು ಪ್ರಥಮ ಪರಮಪ್ರಸಾದದ ತರಗತಿ

ಪೂಜೆಯಲ್ಲಿ ಯೇಸುವಿನ ದೇಹವಾಗುತ್ತದೆಂದು ನಾವು ಕಥೋಲಿಕರು ನಂಬುವ ರೊಟ್ಟಿಯೇ ಪರಮಪ್ರಸಾದ. ಈ ವರ್ಷ ಮಕ್ಕಳು ಅದನ್ನು ಮೊದಲ ಸಲ ಪಡೆಯುವ ಪ್ರಥಮ ಪರಮಪ್ರಸಾದಕ್ಕೆ ಒಂದು ವಾರ ಮುಂಚೆ ನಮ್ಮ ಧರ್ಮಕೇಂದ್ರದ ಗುರುಗಳು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಪ್ರಶ್ನೆ ಕೇಳಿದರು. ಒಟ್ಟು 23 ಮಕ್ಕಳು, ಎಂಟು ಒಂಬತ್ತು ವರ್ಷದವರು. 'ಬಲಿ ಎಂದರೇನು?' ಎಂದಾಗ ಒಬ್ಬ ಹುಡುಗ ತಡವರಿಸದೆ, 'ನನ್ನ ಬೋಂಡವನ್ನು ಅಣ್ಣ ಕಿತ್ತುಕೊಂಡರೆ ಅದು ಬಲಿಯಲ್ಲ ಫಾದರ್. ನಾನೇ ಕೊಟ್ಟರೆ ಬಲಿ. ಯೇಸುಸ್ವಾಮಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಅವರೇ ಕೊಟ್ಟರು' ಎಂದ. ಗುರುಗಳು ಕೈಯಲ್ಲಿದ್ದ ಪುಸ್ತಕ ಮುಚ್ಚಿ ನನ್ನ ಕಡೆ ನೋಡಿದರು. ಹನ್ನೊಂದು ವರ್ಷದಿಂದ ಧರ್ಮೋಪದೇಶ ಹೇಳಿಕೊಡುತ್ತಿರುವ ನನಗೆ ಅಂಥ ನೋಟ ಸಿಕ್ಕಿದ್ದು ಅದೇ ಮೊದಲು. 'ಮಣ್ಣು ಕೆದಕಿಸಿ ಪರಮಪ್ರಸಾದ ಕಲಿಸುತ್ತಾಳಂತೆ' ಎಂದು ಆಡಿಕೊಂಡವರೂ ಅಂದು ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದರು. ಬೇರೆ ಉಪದೇಶಿಗಳಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕನಕಪುರದ ಕಡೆಯ ಹಳ್ಳಿ. ರಾಗಿ, ರೇಷ್ಮೆ, ಒಂದಿಷ್ಟು ಬಾಳೆ. ಇಲ್ಲಿನ ಮಕ್ಕಳಿಗೆ 'ಬಲಿ' ಎಂಬ ಮಾತು ಎರಡು ಕಡೆಯಿಂದ ಬರುತ್ತದೆ. ಒಂದು, ಪಕ್ಕದ ಊರಿನ ಮಾರಮ್ಮನ ಹಬ್ಬದಲ್ಲಿ ಕಡಿಯುವ ಕುರಿ. ಇನ್ನೊಂದು, 'ಲಾರಿ ಡಿಕ್ಕಿ: ಮೂವರು ಬಲಿ' ಎಂಬ ಪತ್ರಿಕೆಯ ತಲೆಬರಹ. ನಾವು ಭಾನುವಾರ ಬೆಳಿಗ್ಗೆ ಎದ್ದು ಚರ್ಚಿಗೆ ಹೋಗುವ ಪೂಜೆಗೂ ಬಲಿಪೂಜೆ ಎನ್ನುತ್ತೇವೆ. ಮಗು ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿಕೊಳ್ಳುತ್ತದೆ. ಇದನ್ನು ಅರಿಯಲು ನನಗೆ ಐದಾರು ವರ್ಷ ಹಿಡಿಯಿತು. ಅಲ್ಲಿಯವರೆಗೂ ಎಲ್ಲರಂತೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದೆ. ಮಕ್ಕಳು ಗಿಳಿಗಳಂತೆ ಒಪ್ಪಿಸಿದರು, ವಾರ್ಷಿಕ ಪರೀಕ್ಷೆಯಲ್ಲಿ ಅಂಕವೂ ಬಂತು. ಪರಮಪ್ರಸಾದ ಪಡೆದ ಮುಂದಿನ ಭಾನುವಾರವೇ ಅರ್ಧದಷ್ಟು ಮಕ್ಕಳು ಪೂಜೆಗೆ ಬರಲಿಲ್ಲ.

ನನ್ನ ಸೋಲುಗಳನ್ನು ಮುಚ್ಚಿಡುವುದಿಲ್ಲ. ಒಂದು ವರ್ಷ, ದೇವರ ಮಾತಿನಂತೆ ಮಗ ಇಸಾಕನನ್ನೇ ಬಲಿಕೊಡಲು ಹೊರಟ ಅಬ್ರಹಾಮನ ಕಥೆಯಿಂದ ಆರಂಭಿಸಿದೆ, ಕಟ್ಟಿಗೆ, ಕತ್ತಿ ಎಲ್ಲವನ್ನೂ ಬಣ್ಣಿಸಿ ಹೇಳಿದೆ. ಮರುದಿನ ಒಬ್ಬ ತಾಯಿ ಬಂದು, ಮಗ ರಾತ್ರಿಯಿಡೀ ಅಪ್ಪನ ಪಕ್ಕ ಮಲಗಲು ಒಪ್ಪಲಿಲ್ಲ ಎಂದರು. ಆ ಕಥೆಯನ್ನು ಈಗ ಹತ್ತು ದಾಟಿದವರಿಗೆ ಮಾತ್ರ ಹೇಳುತ್ತೇನೆ. ಮತ್ತೊಂದು ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲಕ್ಕೆ ಪ್ರತಿ ಮಗುವಿಗೂ ತ್ಯಾಗದ ಡಬ್ಬಿ ಕೊಟ್ಟೆ. ಚಾಕೊಲೇಟು ಬಿಟ್ಟರೆ ಅದರ ಹಣ ಡಬ್ಬಿಗೆ ಎಂಬುದು ನಿಯಮ. ವಿಭೂತಿ ಬುಧವಾರದಿಂದ ಗರಿಗಳ ಭಾನುವಾರದ ಹೊತ್ತಿಗೆ ಸುಮಾರು 2,700 ರೂಪಾಯಿ ಕೂಡಿತು, ಎಲ್ಲರೂ ಹೊಗಳಿದರು. ಆಮೇಲೆ ತಿಳಿದದ್ದೇನೆಂದರೆ ಹೆಚ್ಚಿನ ಹಣ ಅಪ್ಪ ಅಮ್ಮಂದಿರದು. ಒಬ್ಬ ಹುಡುಗಿ ಪಕ್ಕದವಳ ಡಬ್ಬಿಗಿಂತ ತನ್ನದು ಭಾರವಾಗಲೆಂದು ಅಮ್ಮನ ಸಾಸಿವೆ ಡಬ್ಬಿಯಿಂದ ನೂರು ರೂಪಾಯಿ ಕದ್ದಿದ್ದಳು. ತ್ಯಾಗ ಕಲಿಸಲು ಹೋಗಿ ಪೈಪೋಟಿ ಕಲಿಸಿದ್ದೆ. ಆ ಹಣವನ್ನು ಅವಳ ತಾಯಿಗೆ ನಾನೇ ಹಿಂತಿರುಗಿಸಿದೆ. ಡಬ್ಬಿಗಳನ್ನು ಮತ್ತೆ ಹೊರಗೆ ತೆಗೆದಿಲ್ಲ.

ಹುಲಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಮರಳಿ ಹೋದ ಹಸುವಿನ ಕಥೆಯನ್ನೂ ಬಳಸಿ ನೋಡಿದೆ. ತಾನಾಗಿಯೇ ಹೋಗುವುದು ಎಂದರೇನೆಂದು ಅದರಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಮಕ್ಕಳೆಲ್ಲ ಹುಲಿ ಸತ್ತದ್ದಕ್ಕೆ ಅತ್ತರು, ಪಾಠ ಅಲ್ಲಿಗೇ ನಿಂತಿತು. ರೇಷ್ಮೆಗೂಡನ್ನು ತರಗತಿಗೆ ತಂದದ್ದು ಇನ್ನೂ ದೊಡ್ಡ ತಪ್ಪು. ಹುಳು ತಾನು ಒಪ್ಪಿ ಕುದಿನೀರಿಗೆ ಬೀಳುವುದಿಲ್ಲ. ಮನೆಯಲ್ಲಿ ಹುಳು ಸಾಕುವ ಮಗುವಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಕಥೆ ಮಾತ್ರ ಕೈಬಿಡಲಿಲ್ಲ. 1941ರಲ್ಲಿ ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಉಪವಾಸ ಕೆಡವಿ ಕೊಲ್ಲಲು ಹತ್ತು ಜನರನ್ನು ಆರಿಸಿದಾಗ, ಹೆಂಡತಿ ಮಕ್ಕಳಿದ್ದ ಒಬ್ಬನ ಬದಲಿಗೆ ಈ ಗುರು ಮುಂದೆ ಬಂದರು. 'ಉಳಿದುಕೊಂಡವನು ಆಮೇಲೆ ಏನು ಮಾಡಿದ?' ಎಂದು ಒಬ್ಬ ಹುಡುಗಿ ಕೇಳಿದಳು. ಅವನು 1995ರವರೆಗೂ ಬದುಕಿದ್ದ. 1982ರಲ್ಲಿ ಕೋಲ್ಬೆಯವರನ್ನು ಸಂತರೆಂದು ಘೋಷಿಸಿದಾಗ ರೋಮಿನಲ್ಲಿ ಹಾಜರಿದ್ದ. ಪಡೆದವನೂ ಏನಾದರೂ ಮಾಡಬೇಕಲ್ಲವೇ ಎಂಬ ಯೋಚನೆಯನ್ನು ನನ್ನೊಳಗೆ ಹಾಕಿದ್ದು ಆ ಹುಡುಗಿಯ ಪ್ರಶ್ನೆ.

ಗೋಧಿಗೆ ಬಂದದ್ದು ನಾಲ್ಕು ವರ್ಷದ ಹಿಂದೆ. ಬೈಬಲಿನ ಯೊವಾನ್ನನ ಶುಭಸಂದೇಶದ ಹನ್ನೆರಡನೇ ಅಧ್ಯಾಯದಲ್ಲಿ ನೆಲಕ್ಕೆ ಬಿದ್ದು ಸತ್ತರೆ ಮಾತ್ರ ಹೇರಳ ಫಲ ಕೊಡುವ ಗೋಧಿಕಾಳಿನ ಮಾತು ನಿಮಗೆಲ್ಲ ಬಾಯಿಗೇ ಬರುತ್ತದೆ. ಅದನ್ನು ಕೈಯಿಂದಲೇ ಮಾಡಿಸಿದರೆ ಹೇಗೆ ಎಂದುಕೊಂಡೆ. ಹಿರಿಯ ಉಪದೇಶಿಯೊಬ್ಬರು, 'ಗೋಧಿ ಧಾರವಾಡ, ವಿಜಯಪುರದ ಕಡೆಯ ಬೆಳೆ, ರಾಗಿಯ ನೆಲದಲ್ಲಿ ಬರುವುದಿಲ್ಲ. ಬಂದರೂ ಇಷ್ಟು ಸಣ್ಣವರಿಗೆ ಇದೆಲ್ಲ ಅರ್ಥವಾಗುವುದಿಲ್ಲ' ಎಂದರು. ಹತ್ತನೇ ಪಯಸ್ ಜಗದ್ಗುರುಗಳು (ಪೋಪ್) 1910ರಲ್ಲೇ, ಸುಮಾರು ಏಳು ವರ್ಷದ ಮಗು ಪರಮಪ್ರಸಾದಕ್ಕೂ ಸಾಧಾರಣ ರೊಟ್ಟಿಗೂ ಇರುವ ಭೇದ ತಿಳಿದರೆ ಸಾಕು ಎಂದು ಬಾಗಿಲು ತೆರೆದರು. ಅದನ್ನೇ ಅವರಿಗೆ ನೆನಪಿಸಿದೆ. ಅವರು ಒಪ್ಪಲಿಲ್ಲ.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಜೂನ್‌ನಲ್ಲಿ ತರಗತಿ ಆರಂಭವಾದ ಕೂಡಲೇ ಅಂಗಡಿಯ ಗೋಧಿಯನ್ನು ಬಿತ್ತಿಸಿದೆ. ಅರ್ಧ ಮೊಳೆಯಲಿಲ್ಲ, ಮೊಳೆತದ್ದು ಮಳೆಗೆ ತುಕ್ಕು ಹಿಡಿಯಿತು. ಎರಡನೇ ವರ್ಷ ಧಾರವಾಡದ ಕಡೆಯ ನೆಂಟರಿಂದ ಬಿತ್ತನೆ ಬೀಜ ತರಿಸಿ ನವೆಂಬರ್ ಮೊದಲ ವಾರ ಬಿತ್ತಿದೆವು. ಬೆಳೆ ಚೆನ್ನಾಗಿ ಬಂತು. ಹಾಲುತೆನೆಯಲ್ಲಿದ್ದಾಗ ಎರಡೇ ದಿನದಲ್ಲಿ ಗಿಳಿಗಳು ಮುಗಿಸಿದವು. ಮಕ್ಕಳು ಅತ್ತರು, ನಾನೂ ಅತ್ತೆ. ಮೂರನೇ ವರ್ಷ 650 ರೂಪಾಯಿಯ ಬಲೆ, ಎರಡು ಚೀಲ ಕೊಟ್ಟಿಗೆ ಗೊಬ್ಬರ, ಒಂದು ನೀರಿನ ಪೈಪು, ಎಲ್ಲ ಸೇರಿ ಸಾವಿರದೈನೂರರ ಆಸುಪಾಸು ಖರ್ಚಾಯಿತು, ಹೊಲಿಗೆಯ ದುಡಿಮೆಯಿಂದಲೇ ಹಾಕಿದೆ. ಚರ್ಚಿನ ಹಿಂದೆ ಹತ್ತಡಿಗೆ ಆರಡಿಯ ಮಡಿ. ನವೆಂಬರ್‌ನಲ್ಲಿ ಬಿತ್ತಿದರೆ ಫೆಬ್ರವರಿ ಕೊನೆಗೋ ಮಾರ್ಚ್ ಮೊದಲಿಗೋ ಕೊಯ್ಲು, ಹೆಚ್ಚುಕಡಿಮೆ ತಪಸ್ಸುಕಾಲದ ಹೊತ್ತಿಗೇ ಬರುತ್ತದೆ. ಸಿಕ್ಕಿದ್ದು ಒಂದು ಸೇರಿಗೆ ಸ್ವಲ್ಪ ಕಡಿಮೆ.

ಆದರೆ ಪಾಠ ಕುದುರಿದ್ದು ಕೊಯ್ಲಿನಲ್ಲಲ್ಲ, ಬಿತ್ತಿದ ಎರಡನೇ ವಾರದಲ್ಲಿ. ಮಡಿಯಲ್ಲಿ ಬಿತ್ತುವುದರ ಜೊತೆಗೆ ಪ್ರತಿ ಮಗುವಿಗೂ ಹತ್ತು ಕಾಳು ಎಣಿಸಿ ಕೊಟ್ಟು, ಮನೆಯಲ್ಲಿ ತೆಂಗಿನ ಚಿಪ್ಪಿನಲ್ಲಿ ಬಿತ್ತಲು ಹೇಳಿದ್ದೆ. ಒಬ್ಬಳು ಕಾಳು ಸತ್ತಿದೆಯೋ ಇಲ್ಲವೋ ಎಂದು ದಿನವೂ ಕೆದಕಿ ನೋಡುತ್ತಿದ್ದಳು. ಭಾನುವಾರ ಒಂದು ಸಸಿಯನ್ನು ಬೇರುಸಹಿತ ಅಂಗೈಯಲ್ಲಿ ತಂದಳು. ಬುಡದಲ್ಲಿ ಹಳೆಯ ಕಾಳು ಇನ್ನೂ ಅಂಟಿಕೊಂಡಿತ್ತು. ಅವಳು ಅದನ್ನು ಉಗುರಿನಿಂದ ಒತ್ತಿದಳು. ಹಾಲಿಲ್ಲ, ಹಿಟ್ಟಿಲ್ಲ, ಕಂದು ಸಿಪ್ಪೆ ಚಪ್ಪಟೆಯಾಯಿತು. 'ಟೀಚರ್, ಒಳಗೆ ಏನೂ ಇಲ್ಲ. ಎಲ್ಲ ಕೊಟ್ಟುಬಿಟ್ಟಿದೆ' ಎಂದಳು.

ಸಾಯುವುದು ಎಂದು ನಾನು ವರ್ಷಗಟ್ಟಲೆ ಹೇಳುತ್ತಿದ್ದ ಕಡೆ ಅವಳು ಕೊಡುವುದು ಎಂದಳು. ಅಂದಿನಿಂದ ಪಾಠದ ಕ್ರಮವನ್ನೇ ತಿರುಗಿಸಿದೆ. ಜನವರಿಯವರೆಗೂ ತರಗತಿಯಲ್ಲಿ ಬಲಿ ಎಂಬ ಪದವನ್ನು ನಾನು ಎತ್ತುವುದಿಲ್ಲ, ಅರ್ಪಣೆ, ಕೊಡುವುದು ಎಂದಷ್ಟೇ ಹೇಳುತ್ತೇನೆ. ಎಲ್ಲರೂ ಚಿಪ್ಪಿನಿಂದ ಒಂದೊಂದು ಸಸಿ ಕಿತ್ತು ಕಾಳು ಒತ್ತಿ ನೋಡುತ್ತಾರೆ. ಮಧ್ಯಾಹ್ನದ ತಿಂಡಿಯಲ್ಲಿ ಮೊದಲ ತುತ್ತನ್ನು ಪಕ್ಕದವರಿಗೆ ಕೊಡಬೇಕು, ಯಾರೂ ಕೇಳಬಾರದು, ಕಿತ್ತುಕೊಳ್ಳಬಾರದು. ಬೋಂಡದ ಉದಾಹರಣೆ ಬಂದದ್ದು ಅಲ್ಲಿಂದಲೇ. ಆಮೇಲೆ ಯೊವಾನ್ನನ ಹತ್ತನೇ ಅಧ್ಯಾಯದಲ್ಲಿ ಯೇಸು ತಮ್ಮ ಪ್ರಾಣವನ್ನು ತಾವಾಗಿಯೇ ಕೊಡುವುದಾಗಿ ಹೇಳುವ ಮಾತನ್ನು ಓದಿಸುತ್ತೇನೆ. ಪವಿತ್ರ ಗುರುವಾರದ ಭೋಜನ, ಅಂದರೆ ಯೇಸು ಶಿಷ್ಯರೊಂದಿಗೆ ಮಾಡಿದ ಕೊನೆಯ ಊಟ, ಆ ಬಳಿಕ. ಈ ಮೆಟ್ಟಿಲುಗಳ ಮೇಲೆ ಬಲಿ ಎಂಬ ಪದ ಬಂದಾಗ ಕುರಿಯೂ ಲಾರಿಯೂ ಅಡ್ಡ ಬರುವುದಿಲ್ಲ.

'ಹಾಗಾದರೆ ಪ್ರತಿ ಭಾನುವಾರವೂ ಯೇಸು ಮತ್ತೆ ಸಾಯುತ್ತಾರಾ?' ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಬೈಬಲಿನ ಹಿಬ್ರಿಯರಿಗೆ ಬರೆದ ಪತ್ರ, ಯೇಸು ತಮ್ಮನ್ನು ಅರ್ಪಿಸಿದ್ದು ಒಂದೇ ಸಾರಿ ಎನ್ನುತ್ತದೆ. ಯೇಸುವನ್ನು ಶಿಲುಬೆಗೇರಿಸಿದ ಕಲ್ವಾರಿಯ ಆ ಒಂದೇ ಬಲಿ ಪೀಠದ ಮೇಲೆ ನಮ್ಮೆದುರಿಗೆ ಬರುತ್ತದೆ ಎಂಬುದನ್ನು ಎಂಟು ವರ್ಷದವರಿಗೆ ತೋರಿಸಬೇಕು. ಮೇಣದಬತ್ತಿಯಿಂದ ಮೇಣದಬತ್ತಿ ಹಚ್ಚಿ ತೋರಿಸುವವರಿದ್ದಾರೆ. ಎರಡನೆಯದು ಬೇರೆಯೇ ಬತ್ತಿಯಾದ್ದರಿಂದ ನನಗೆ ಅದು ಒಪ್ಪಿಗೆಯಾಗಲಿಲ್ಲ. ನಾನು ಬಳಸುವುದು ಎಲ್ಲರ ಮನೆಯಲ್ಲೂ ಇರುವ ಒಂದು ವಸ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ತರಗತಿಗೆ ಬಂದವರಿಗೆ ಮಾಡಿ ತೋರಿಸುತ್ತೇನೆ. ಓದಿ ಮಾಡಿದವರು ಅರ್ಧಕ್ಕೇ ನಿಲ್ಲಿಸಿ ಮಕ್ಕಳಿಗೆ ತಪ್ಪು ಕಲಿಸಿದ್ದನ್ನು ಕಂಡಿದ್ದೇನೆ.

ಬೀಸುಕಲ್ಲು ಪಕ್ಕದ ಮನೆಯದು. ಮಕ್ಕಳೇ ಸರದಿಯಲ್ಲಿ ಬೀಸಿ, ಹುಳಿ ಹಾಕದ ಹಿಟ್ಟನ್ನು ತಟ್ಟಿ ಹೆಂಚಿನ ಮೇಲೆ ಸುಟ್ಟು ಹಂಚಿ ತಿಂದರು. ಉಳಿದ ಹಿಟ್ಟಿನಿಂದ ಪೂಜೆಯ ರೊಟ್ಟಿ ಮಾಡಿಸಬಹುದೇ ಎಂದು ಗುರುಗಳನ್ನು ಕೇಳಿದೆ. ಶುದ್ಧ ಗೋಧಿ, ನೀರು ಬಿಟ್ಟು ಬೇರೇನೂ ಸೇರದಿದ್ದರೆ ಆಗಬಹುದು ಎಂದರು. ಕನ್ಯಾಸ್ತ್ರೀಯರು ತಮ್ಮ ಅಚ್ಚಿನಲ್ಲಿ ಒತ್ತಿದ ಮೊದಲ ಕಂತು ಪೂರ್ತಿ ಹಾಳಾಯಿತು. ತೌಡು ಇದ್ದುದರಿಂದ ಅಂಚು ಒಡೆದು ಪುಡಿಪುಡಿಯಾಯಿತು. ಹಳೆಯ ಮಲ್ ಪಂಚೆಯಲ್ಲಿ ಮೂರು ಸಾರಿ ಜರಡಿ ಹಿಡಿದ ಮೇಲೆ ಮುನ್ನೂರರಷ್ಟು ಚೆನ್ನಾಗಿ ಬಂದವು, ಬಣ್ಣ ಮಾತ್ರ ಸ್ವಲ್ಪ ಕಂದು. ಮಕ್ಕಳಿಗೆ ಪೂಜೆಯಲ್ಲಿ ಇನ್ನೂ ಪವಿತ್ರಗೊಳ್ಳದ ಒಂದೊಂದನ್ನು ತಿನ್ನಲು ಕೊಟ್ಟು, 'ಇದು ಇನ್ನೂ ನಮ್ಮ ಗೋಧಿಯೇ' ಎಂದೆ. ಆಮೇಲೆ ಒಳಗೆ ಕರೆದೊಯ್ದು ಪರಮಪ್ರಸಾದದ ಪೆಟ್ಟಿಗೆಯ ಕೆಂಪು ದೀಪದ ಮುಂದೆ ಮಂಡಿಯೂರಿಸಿ, 'ಇಲ್ಲಿರುವುದು ಗೋಧಿಯಲ್ಲ, ಯೇಸುಸ್ವಾಮಿಯೇ' ಎಂದೆ. ಅಲ್ಲಿಯವರೆಗೂ ಪಿಸುಗುಟ್ಟುತ್ತಿದ್ದ ಮಕ್ಕಳು ತಾವಾಗಿಯೇ ಸುಮ್ಮನಾದರು.

ಚನ್ನಪಟ್ಟಣದಲ್ಲಿ ಒಬ್ಬ ಕುಶಲಕರ್ಮಿಯಿಂದ ಹಾಲೆಮರದಲ್ಲಿ ಪೂಜೆಯ ಪುಟ್ಟ ಪಾತ್ರೆ, ತಟ್ಟೆ, ಶಿಲುಬೆ, ಪೀಠ ಮಾಡಿಸಿದ್ದೇನೆ, 1,800 ರೂಪಾಯಿ ಬಿತ್ತು. 1954ರಲ್ಲಿ ರೋಮಿನಲ್ಲಿ ಸೋಫಿಯಾ ಕವಲೆತ್ತಿ ಮತ್ತು ಜಿಯಾನ್ನಾ ಗೊಬ್ಬಿ ಸಣ್ಣ ಮಕ್ಕಳಿಗೆ ಹೀಗೆ ಮುಟ್ಟಿ ಕಲಿಯುವ ಪದ್ಧತಿಯನ್ನು ಆರಂಭಿಸಿದ್ದರು. ಮೊದಲ ತಿಂಗಳು ಯಾರು ಪಾತ್ರೆ ಹಿಡಿಯಬೇಕೆಂದು ಜಗಳವಾಯಿತು. ಈಗ ಮಕ್ಕಳು ಒಂದೊಂದನ್ನೂ ಹೆಸರು ಹೇಳಿ ಪೀಠದ ಮೇಲೆ ಜೋಡಿಸುತ್ತಾರೆ. ಪೂಜೆಯ ದ್ರಾಕ್ಷಾರಸದ ಪಾಠಕ್ಕೆ ಇನ್ನೂ ಕೈ ಹಾಕಿಲ್ಲ. ಸದ್ಯಕ್ಕೆ ದೊಡ್ಡಬಳ್ಳಾಪುರದಿಂದ ಬೆಂಗಳೂರು ನೀಲಿ ದ್ರಾಕ್ಷಿಯ ಒಂದು ಬಳ್ಳಿ ತಂದು ಚರ್ಚಿನ ಬೇಲಿಗೆ ಹಬ್ಬಿಸಿದ್ದೇನೆ.

ಕಳೆದ ವರ್ಷ ಪರಮಪ್ರಸಾದ ಪಡೆದ 19 ಮಕ್ಕಳಲ್ಲಿ 15 ಮಂದಿ ಇಂದಿಗೂ ಭಾನುವಾರ ತಪ್ಪಿಸುವುದಿಲ್ಲ. ಆ ಹಿರಿಯ ಉಪದೇಶಿಯವರು ಹೋದ ವಾರ ಮನೆಗೆ ಬಂದು ತಮ್ಮ ತರಗತಿಗೂ ಒಂದು ಮಡಿ ಮಾಡಿಕೊಡಲು ಕೇಳಿದರು. ಬೂದಿ ಬೆರೆಸಿ ಬೇವಿನ ಸೊಪ್ಪಿನ ಜೊತೆ ಡಬ್ಬದಲ್ಲಿಟ್ಟ ಬೀಜ ಎರಡು ಮಡಿಗೆ ಸಾಲುತ್ತದೆ. ಮುಂದಿನ ತಂಡದಲ್ಲಿ 31 ಮಕ್ಕಳಿದ್ದಾರೆ, ಬಲೆ ಇನ್ನೊಂದು ಕೊಳ್ಳಬೇಕು. ಬೆಳಗಾವಿ ಕಡೆಯವರು ಯಾರಾದರೂ ಒಂದು ಹಿಡಿ ಜವೆಗೋಧಿ (ಖಪಲಿ ಎಂಬ ಹಳೆಯ ಗೋಧಿ) ಬೀಜ ಕಳಿಸಿದರೆ ಒಂದು ಸಾಲು ಅದನ್ನೂ ಬಿತ್ತಿ ನೋಡುತ್ತೇನೆ.