ಕರೆಂಟ್ ದರದ ವಿಚಾರಣೆಯಲ್ಲಿ ನಮ್ಮ ಆಕ್ಷೇಪಣೆ ನಿಂತದ್ದು ಹೇಗೆ

ದರ ಏರುತ್ತೆ ಅಂದಕೂಡಲೇ ಹಾರ, ಶಾಲು, ಮನವಿ ಹಿಡಿದು ಮಂತ್ರಿಗಳ ಮನೆಗೆ ಹೋಗುವುದು ಸಣ್ಣ ಕೈಗಾರಿಕಾ ಸಂಘಗಳ ಹಳೇ ಚಾಳಿ. ದರ ತೀರ್ಮಾನಿಸುವ ಕೆಇಆರ್‌ಸಿ (ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ) ಮುಂದೆ ಲೆಕ್ಕ ಇಡೋಣ ಅಂದಾಗ ‘ಅಲ್ಲೆಲ್ಲ ಮೊದಲೇ ತೀರ್ಮಾನ ಆಗಿರುತ್ತೆ’ ಅಂತ ನಕ್ಕವರೇ ಜಾಸ್ತಿ. ಮೂರನೇ ವರ್ಷದ ಆದೇಶದಲ್ಲಿ ನಮ್ಮ ಆಕ್ಷೇಪಣೆ, ವಿದ್ಯುತ್ ಸರಬರಾಜು ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ಅಚ್ಚಾದವು, ಕೇಳಿದ್ದರಲ್ಲಿ ಒಂದಿಷ್ಟು ಸಿಕ್ಕಿತು. ಈಗ ಅವರೇ ಜೆರಾಕ್ಸ್ ಕೇಳುತ್ತಿದ್ದಾರೆ.

ಮೊದಲ ವರ್ಷ ಒಂದೇ ಒಕ್ಕಣೆಯ ಪತ್ರಕ್ಕೆ ಹತ್ತಿರಹತ್ತಿರ 400 ಸಹಿ. ಮುದ್ರಣ, ಅಂಚೆ, ಓಡಾಟ ಸೇರಿ 18-20 ಸಾವಿರ ಹೋಯಿತು. ಅಫಿಡವಿಟ್ ಲಗತ್ತಿಸಿರಲಿಲ್ಲ, ಅಲ್ಲಿಗೇ ಮುಗಿಯಿತು. ಎರಡನೇ ವರ್ಷ ಅಫಿಡವಿಟ್ ಇತ್ತು, ಅಂಕಿ ಇರಲಿಲ್ಲ, ಬರೀ ಗೋಳು. ‘ವಿದ್ಯುತ್ ಖರೀದಿ ವೆಚ್ಚ ಏರಿದೆ’ ಅಂತ ಒಂದು ಸಾಲು ಬರೆದು ಕಂಪನಿ ಕೈತೊಳೆದುಕೊಂಡಿತು.

ಕಂಪನಿಯ ದರ ಪರಿಷ್ಕರಣೆ ಅರ್ಜಿ ನವೆಂಬರ್ 30ರ ಸುಮಾರಿಗೆ ಆಯೋಗಕ್ಕೆ ಸಲ್ಲಿಕೆಯಾಗುತ್ತದೆ. ಪತ್ರಿಕಾ ಪ್ರಕಟಣೆ ಬಂದ ಮೇಲೆ ಆಕ್ಷೇಪಣೆಗೆ 30 ದಿನ. ಪ್ರಕಟಣೆಗೆ ಕಾದು ಕೂತರೆ ಕೆಟ್ಟಿರಿ. ಹಿಂದಿನ ಎರಡು ವರ್ಷದ ಆದೇಶಗಳನ್ನು ಅಕ್ಟೋಬರಿನಲ್ಲೇ ಓದಿ ಮುಗಿಸಿರಬೇಕು.

ಮೂರನೇ ಸಲ ಒಂದೇ ಅಂಶ ಹಿಡಿದೆವು: ವಿತರಣಾ ನಷ್ಟ, ಅಂದರೆ ಕಂಪನಿ ಕೊಂಡ ಕರೆಂಟಿನಲ್ಲಿ ಗ್ರಾಹಕನ ಬಿಲ್ಲಿಗೆ ಬರದೆ ಹಾದಿಯಲ್ಲೇ ಸೋರಿಹೋಗುವ ಪಾಲು. ಖರೀದಿ ಯೂನಿಟ್‌ಗೆ 5 ರೂಪಾಯಿ ಅಂತಿಟ್ಟುಕೊಳ್ಳಿ. ನಷ್ಟ ಶೇ 12 ಆದರೆ 100 ಯೂನಿಟ್ ಕೊಂಡ 500 ರೂಪಾಯಿಯನ್ನು 88 ಯೂನಿಟ್ ಮೇಲೆ ಹಂಚಬೇಕು, ಶೇ 11 ಆದರೆ 89ರ ಮೇಲೆ. ವ್ಯತ್ಯಾಸ ಯೂನಿಟ್‌ಗೆ 6 ಪೈಸೆ ಚಿಲ್ಲರೆ. ಆಯೋಗ ಒಪ್ಪಿದ ಮಟ್ಟಕ್ಕಿಂತ ಹೆಚ್ಚಾದ ನಷ್ಟದ ಆ 6 ಪೈಸೆ ಗ್ರಾಹಕನ ತಲೆಗೆ ಯಾಕೆ? ಇದಕ್ಕೆ ಕಂಪನಿ ಅಂಕಿಯಲ್ಲೇ ಉತ್ತರ ಕೊಡಬೇಕಾಯಿತು. ಯಾವ ಕೋಷ್ಟಕವನ್ನು ಯಾವುದರ ಪಕ್ಕ ಇಟ್ಟು ನೋಡಿದೆವು ಅನ್ನುವುದು ಸದ್ಯಕ್ಕೆ ನಮ್ಮಲ್ಲೇ ಇರಲಿ, ಮುಂದಿನ ವರ್ಷಕ್ಕೂ ಬೇಕು.

ನಡುವೆ ಇನ್ನೊಂದು ಪ್ರಯೋಗ. ಫೀಡರ್‌ವಾರು (ಸಬ್‌ಸ್ಟೇಷನ್ನಿಂದ ಹೊರಡುವ ಒಂದೊಂದು ಲೈನಿನ) ನಷ್ಟ ಕೇಳಿ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿದೆವು. 150 ಪದ, ಒಂದೇ ವಿಷಯ ಅನ್ನುವ ನಿಯಮ ಮರೆತು ಮೂರು ವಿಷಯ ತುರುಕಿದ್ದಕ್ಕೆ ಒಂದು ತಿಂಗಳು ವ್ಯರ್ಥ. ಅದೇ ಪ್ರಶ್ನೆಯನ್ನು ಶಾಸಕರ ಮೂಲಕ ಸದನದಲ್ಲಿ ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರ ಸಿಗುವ) ಪ್ರಶ್ನೆಯಾಗಿ ಕೇಳಿಸಿದಾಗ ಇಡೀ ಪಟ್ಟಿಯೇ ಬಂತು.

ಬಹಿರಂಗ ವಿಚಾರಣೆಯಲ್ಲಿ ಸಿಗುವುದು ಐದಾರು ನಿಮಿಷ. ಭಾಷಣಕಾರರನ್ನು ಕಳಿಸಬೇಡಿ, ಲೆಕ್ಕ ಬರೆದವನೇ ಮಾತಾಡಲಿ; ಪುಟಸಂಖ್ಯೆ ಹೇಳಿದರೆ ಎದುರಿನವರೂ ಕಡತ ತಿರುವುತ್ತಾರೆ. ಸಬ್ಸಿಡಿ ಮಾತು ಅಲ್ಲಿ ಎತ್ತಬೇಡಿ. 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಪ್ರಕಾರ ಅದು ಸರ್ಕಾರದ ಬಾಬತ್ತು, ಮುಂಗಡವಾಗಿ ತುಂಬಬೇಕಾದ್ದು. ಹಾರ-ಶಾಲು ಬೇಕಿದ್ದರೆ ಅದಕ್ಕೆ ಬಳಸಿ.

ಮೂರನೇ ವರ್ಷದ ಒಟ್ಟು ಖರ್ಚು ನೋಟರಿ, ಜೆರಾಕ್ಸ್, ಬಸ್ಸು ಸೇರಿ 6 ಸಾವಿರದ ಆಸುಪಾಸು. ಉಳಿದ ಬೇಡಿಕೆಗೆ 45 ದಿನದೊಳಗೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದಿತ್ತು. ವಕೀಲರ ಶುಲ್ಕ ಕೇಳಿ ಕೈಬಿಟ್ಟೆವು.